ನಡೆಯಲು ಬಿಡದ ರಸ್ತೆ

ನಡಿಗೆ ಆರೋಗ್ಯಕ್ಕೆ ಒಳ್ಳೆಯದು ಎಂದು ಉಪದೇಶ ಮಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವರಲ್ಲಿ ಒಬ್ಬರೂ ಬೆಳ್ಳಟ್ಟಿಯಿಂದ ಶಿರಹಟ್ಟಿಗೆ ಹೋಗುವ ರಸ್ತೆಯಲ್ಲಿ ಕೆಲಸವಿಲ್ಲದೆ ನಡೆದು ನೋಡಿದವರಲ್ಲ.

ನನಗೆ ಸಕ್ಕರೆ ಕಾಯಿಲೆ. ಎರಡು ವರ್ಷದ ಹಿಂದೆ ಎಡಗಾಲಿನ ಬೆರಳುಗಳಿಗೆ ಜೋಮು ಹಿಡಿಯಿತು. ಚಪ್ಪಲಿ ಕಳಚಿ ಹಿಂದೆ ಬಿದ್ದರೂ ತಿಳಿಯುತ್ತಿರಲಿಲ್ಲ. ದಿನಾ ಮುಂಜಾನೆ ಒಂದು ತಾಸು ನಡೆಯಿರಿ, ಇಲ್ಲವಾದರೆ ಬೆರಳು ಉಳಿಯುವುದಿಲ್ಲ ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಹೆಂಡತಿ ಅಲ್ಲೇ ಕಣ್ಣೀರು ಹಾಕಿದಳು. ಮಾರನೆಯ ದಿನವೇ ಹೊರಟೆ.

ಆದರೆ ನಡೆಯಲು ಬಿಟ್ಟರೆ ತಾನೇ? ಹಿರಿಯನೊಬ್ಬ ರಸ್ತೆಯಲ್ಲಿ ನಡೆದು ಹೋಗುತ್ತಿರುವಾಗ ಗಾಡಿ ನಿಲ್ಲಿಸದೆ ಹೋಗುವುದು ನಮ್ಮ ಕಡೆ ಮರ್ಯಾದೆಗೇಡು. ಹತ್ತು ಎಂದವರ ಗಾಡಿ ಹತ್ತದಿರುವುದು ಅದಕ್ಕಿಂತ ದೊಡ್ಡ ಅವಮಾನ. ನಾನೋ ಇದೇ ಊರಿನಲ್ಲಿ ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನು. ಮಗ್ಗಿ ಬಾರದೆ ನನ್ನ ಕೈಲಿ ಏಟು ತಿಂದ ಕತ್ತೆಗಳೆಲ್ಲ ಪಕ್ಕದಲ್ಲೇ ಬ್ರೇಕ್ ಹಾಕಿ, ಬಸ್ ತಪ್ಪಿತೇನ್ರಿ ಸರ್, ಹತ್ರಿ ಎನ್ನುತ್ತಿದ್ದವು. ವಾಕಿಂಗ್ ಎಂದರೆ ಸಂಕೋಚಕ್ಕೆ ಹೇಳುತ್ತಿದ್ದೇನೆಂದು ನಗುತ್ತಿದ್ದವು. ಹತ್ತುತ್ತಿದ್ದೆ. ಶಿರಹಟ್ಟಿಯಲ್ಲಿ ಇಳಿಸಿ ಚಹಾ ಕುಡಿಸುತ್ತಿದ್ದರು, ಅದೂ ಸಕ್ಕರೆ ಜಾಸ್ತಿ ಹಾಕಿಸಿ. ಬಸ್ಸಿನಲ್ಲಿ ಮನೆಗೆ ಮರಳುತ್ತಿದ್ದೆ.

ಮೂರು ತಿಂಗಳ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಇನ್ನೂ ಏರಿತ್ತು. ನಡೆಯುತ್ತೇನೆಂದು ಸುಳ್ಳು ಹೇಳುತ್ತೀರಿ ಎಂದು ಡಾಕ್ಟರು ಬೈದರು. ಯಾರ ಗಾಡಿಯನ್ನೂ ಹತ್ತುವುದಿಲ್ಲ ಎಂದು ಹೆಂಡತಿ ನನ್ನಿಂದ ಆಣೆ ಮಾಡಿಸಿಕೊಂಡಳು.

ಮರುದಿನ ಮುಂಜಾನೆ ನನ್ನ ಪಕ್ಕ ನಿಂತದ್ದು ನಮ್ಮ ಕಾಕನ, ಅಂದರೆ ಚಿಕ್ಕಪ್ಪನ ಮಗನ ಗಾಡಿ. ನನಗಿಂತ ನಾಲ್ಕು ವರ್ಷ ಸಣ್ಣವನು. ಹೊಲದ ಬದುವಿನ ಸಲುವಾಗಿ ಜಗಳವಾಡಿ ನಾವು ಮಾತು ಬಿಟ್ಟು ಎಂಟು ವರ್ಷವಾಗಿತ್ತು. ಅವನು ಎರಡೆತ್ತು ನಡೆಯುವಷ್ಟು ನನ್ನ ಹೊಲ ಒತ್ತಿದ್ದಾನೆಂದು ನಾನು, ನಾನೇ ಒತ್ತಿದ್ದೇನೆಂದು ಅವನು.

ಅವನು ಗಾಡಿ ಬಂದ್ ಮಾಡಲಿಲ್ಲ. ನನ್ನ ಮುಖ ನೋಡದೆ ಹೇಳಿದ.

"ಅಣ್ಣಾ, ಹತ್ತು. ಶಿರಹಟ್ಟಿಗೆ ಹೊಂಟೀನಿ."

"ಒಲ್ಲೆ. ನಾ ನಡಿಯಾಕ ಬಂದೀನಿ."

"ಊರಾಗಿನ ಮಂದಿ ಗಾಡಿ ಎಲ್ಲಾ ಹತ್ತೀದಿ. ನಂದೊಂದ ನಿನಗ ಆಗೂದಿಲ್ಲಲ್ಲ?"

ಸಕ್ಕರೆಯ ವಿಷಯ, ಆಣೆಯ ವಿಷಯ ಎರಡು ಮಾತಿನಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ಹತ್ತೂದಿಲ್ಲಂದ್ರ ಹತ್ತೂದಿಲ್ಲ ಎಂದೆ. ಅವನು ಗೇರ್ ಹಾಕಿ ಹೋದ.

ಆಣೆ ಮುರಿಯಬಾರದೆಂದು ಹತ್ತಲಿಲ್ಲ ಎಂದು ಹೆಂಡತಿಗೆ ಹೇಳಿದೆ. ಪಾಪ, ನಂಬಿದಳು. ಇಲ್ಲಿ ಸುಳ್ಳು ಬರೆಯಲಾರೆ. ನಾನು ಹತ್ತದಿದ್ದದ್ದು ಆ ಬದುವಿನ ಸಿಟ್ಟಿಗೆ. ಅವನ ಮುಖ ಸಣ್ಣದಾದದ್ದು ಕಂಡು ನನಗೆ ಆ ಗಳಿಗೆಯಲ್ಲಿ ಸಂತೋಷವೇ ಆಗಿತ್ತು.

ಕಾಕನ ಮಗನ ಗಾಡಿಯನ್ನೇ ಒಲ್ಲೆನೆಂದ ಮಾಸ್ತರ ಎಂಬ ಖಬರು ಊರೆಲ್ಲ ಹಬ್ಬಿತು. ಅಂದಿನಿಂದ ಯಾರೂ ಗಾಡಿ ನಿಲ್ಲಿಸಲಿಲ್ಲ. ಹೋಗುತ್ತ ಒಂದು ನಮಸ್ಕಾರ, ಅಷ್ಟೇ. ದಿನಕ್ಕೊಂದು ತಾಸು ಭರ್ತಿ ನಡೆದೆ. ಸಕ್ಕರೆ ಇಳಿಯಿತು, ರಾತ್ರಿ ನಿದ್ದೆ ಹತ್ತುತ್ತದೆ, ಬೆರಳುಗಳ ಜೋಮೂ ಕಡಿಮೆಯಾಗಿದೆ. ಡಾಕ್ಟರು ನನ್ನನ್ನು ತೋರಿಸಿ ಬೇರೆ ರೋಗಿಗಳಿಗೆ ಬುದ್ಧಿ ಹೇಳುತ್ತಾರೆ. ಅದನ್ನು ಕೇಳುವಾಗ ಎದ್ದು ಹೋಗಬೇಕೆನಿಸುತ್ತದೆ.

ಯಾಕೆಂದರೆ ದಿನಾ ಮುಂಜಾನೆ ಹಿಂದಿನಿಂದ ಅವನ ಗಾಡಿಯ ಸದ್ದು ಬರುತ್ತದೆ. ನನ್ನ ಹೆಜ್ಜೆ ತಾನಾಗಿಯೇ ನಿಧಾನವಾಗುತ್ತದೆ. ಅವನ ಗಾಡಿ ನಿಧಾನವಾಗುವುದಿಲ್ಲ.