ಏಳನೇ ಕಂತಿನ ಮುದುಕಿ

ಚಿಕ್ಕಮುನಿಯಮ್ಮ ಪೀಣ್ಯದ ನಮ್ಮ ಕಾರ್ಖಾನೆಯ ಗೇಟಿನ ಮುಂದೆ ಮಜ್ಜಿಗೆ ಮಾರುತ್ತಿದ್ದರು. ಕಾರ್ಖಾನೆ ಎದ್ದಿದ್ದೇ ಅವರ ಹೊಲದ ಮೇಲೆ. ಗಂಡನನ್ನು ಮಣ್ಣು ಮಾಡಿದ್ದೂ ಅದೇ ಹೊಲದಲ್ಲಿ. ಈಗ ಆ ಸಮಾಧಿಯ ಗುಡ್ಡೆ ಕಾಂಪೌಂಡಿನ ಒಳಗೆ, ಗುಜರಿ ಕಬ್ಬಿಣದ ರಾಶಿಯ ಪಕ್ಕದಲ್ಲಿತ್ತು. ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಯ ದಿನ ವಾಚ್‌ಮನ್ ನಲ್ಲಪ್ಪ ಹಿಂದಿನ ಗೇಟು ತೆಗೆಯುತ್ತಿದ್ದ. ಆಕೆ ಒಳಗೆ ಹೋಗಿ ಬಾಳೆಲೆಯಲ್ಲಿ ಮುದ್ದೆ, ಕೋಳಿ ಸಾರು, ಒಂದು ಕಟ್ಟು ಬೀಡಿ ಎಡೆ ಇಟ್ಟು ಬರುತ್ತಿದ್ದರು. ಮ್ಯಾನೇಜರಿಗೆ ಇದು ಗೊತ್ತಿರಲಿಲ್ಲ. ಸ್ಟೋರ್ಸ್ ಗುಮಾಸ್ತನಾದ ನನಗೆ ಆಕೆಯೇ ಹೇಳಿದ್ದರು. "ಯಾರ್ ಕುಟ್ಟೂ ಏಳ್ಬ್ಯಾಡಿ ಸಾಮಿ" ಎಂದೂ ಹೇಳಿದ್ದರು.

ಎಂಬತ್ತೆರಡನೇ ಇಸವಿಯಲ್ಲಿ ನಾನು ವಾರಪತ್ರಿಕೆಯೊಂದಕ್ಕೆ ಧಾರಾವಾಹಿ ಕಾದಂಬರಿ ಬರೆದೆ. ನಾಯಕ ಎಂಜಿನಿಯರು, ನಾಯಕಿ ಟೈಪಿಸ್ಟು. ಇಬ್ಬರೂ ಸಪ್ಪೆ, ಯಾವ ಊರಿನವರು ಬೇಕಾದರೂ ಆಗಬಹುದಿತ್ತು. "ಇದು ನಿಮ್ಮೂರ ಕಥೆ ಅನ್ನಿಸ್ತಾನೇ ಇಲ್ವಲ್ರೀ" ಎಂದರು ಸಂಪಾದಕರು. ಏಳನೇ ಕಂತಿಗೆ ಮಜ್ಜಿಗೆ ಮಾರುವ ಮುದುಕಿಯನ್ನು ತಂದೆ. ಹೆಸರು ಬದಲಾಯಿಸಿದೆ. ಗೇಟು, ಗುಡ್ಡೆ, ಬೀಡಿಕಟ್ಟು ಹಾಗೇ ಬಿಟ್ಟೆ. ಬಂದ ಕಾಗದಗಳೆಲ್ಲ ಅವಳ ಬಗ್ಗೆಯೇ. ನಮ್ಮ ಕಡೆಯ ಬದುಕೆಲ್ಲ ಆ ಒಂದು ಉಪಕಥೆಯಲ್ಲಿದೆ ಎಂದು ಮಾಕಳಿಯ ಮೇಷ್ಟ್ರೊಬ್ಬರು ಬರೆದಿದ್ದರು. ನಾನು ಉಬ್ಬಿಹೋದೆ.

ಮ್ಯಾನೇಜರ ಹೆಂಡತಿಯೂ ಆ ಪತ್ರಿಕೆ ಓದುತ್ತಿದ್ದರು. ಹದಿನೈದೇ ದಿನದಲ್ಲಿ ಹಿಂದಿನ ಗೇಟಿನ ಜಾಗಕ್ಕೆ ಇಟ್ಟಿಗೆ ಗೋಡೆ ಬಂತು, ನಲ್ಲಪ್ಪನ ಕೆಲಸ ಹೋಯಿತು. ನಾನು ತುಟಿ ಬಿಚ್ಚಲಿಲ್ಲ. ಅದು ಹೇಡಿತನ. ಇಷ್ಟು ವರ್ಷ ಬರೆದರೂ ಅದಕ್ಕೆ ಬೇರೆ ಹೆಸರು ನನಗೆ ಸಿಕ್ಕಿಲ್ಲ.

ಆ ವರ್ಷದ ಅಮಾವಾಸ್ಯೆಯ ದಿನ ಆಕೆ ಗೋಡೆಯ ಹೊರಗೇ ಎಲೆ ಹಾಸಿಕೊಂಡು ಕೂತಿದ್ದರು. ಹತ್ತಿರ ಹೋದೆ.

"ತಪ್ಪು ನಂದೇ ಅಮ್ಮ. ನಾನೇ ಬರೆದುಬಿಟ್ಟೆ."

"ಗೊತ್ತು ಸಾಮಿ. ನಲ್ಲಪ್ಪ ಏಳ್ದ." ಮುದ್ದೆಯ ಮೇಲೆ ಕೂತ ನೊಣ ಓಡಿಸಿದರು. "ನಿಮ್ ಕತೇಲಿ ಆ ಗೇಟು ಇನ್ನೂ ತೆಗೀತಾರಾ?"

"ತೆಗೀತಾರೆ."

"ಅಂಗಾರೆ ಅದ್ನ ಓದಿ. ಅಲ್ಲಿಂದ್ಲೇ ಒಳೀಕ್ ಓಯ್ತೀನಿ."

ಪತ್ರಿಕೆ ನನ್ನ ಚೀಲದಲ್ಲೇ ಇತ್ತು. ಓದತೊಡಗಿದೆ. ಆಕೆ ಎಲೆಯ ಮುಂದೆ ಕೈಮುಗಿದು ಕಣ್ಣು ಮುಚ್ಚಿದರು. ಕಥೆಯ ವಾಚ್‌ಮನ್ ಚಿಲಕ ಸರಿಸುವ ಸಾಲು ಬಂದಾಗ ಓದು ನಿಲ್ಲಿಸಿ ಇಟ್ಟಿಗೆ ಗೋಡೆಯ ಕಡೆ ನೋಡಿದೆ.

ಆಕೆ ಕಣ್ಣು ತೆರೆಯಲಿಲ್ಲ. "ನಿಲ್ಲಿಸ್ಬ್ಯಾಡಿ ಸಾಮಿ" ಎಂದರು. "ನಾನಿನ್ನೂ ಗೇಟ್ ತಾವೇ ಇವ್ನಿ."