ನರ್ಸಬಾಯಿಗಿ ಕೊಡದ ಜವಾಬು

ಒಂದೇ ಮಾತು ನಾಕ ಸಲ ಕೇಳಿದ್ರ ಯಾರಿಗಿ ಸಿಟ್ಟು ಬರಲ್ರಿ? ಎಚ್‌ಐವಿ ಗುಳಿಗಿ ತರಲಾಕ ಔರಾದದಿಂದ ಬೀದರ ದವಾಖಾನಿಗಿ ಹೋಗಿದ್ದೆ. ನರ್ಸಬಾಯಿ, "ಅಜ್ಜಾ, ತೂಕ ಇಳದದ. ಜುಲಾಬ್ ಅದ ಏನು?" ಅಂತ ಬೆನ್ನ ಹತ್ತಿದಳು.

"ನನ್ನ ಹೊಟ್ಟಿ ಕಲ್ಲ ಅರಗಸ್ತದ!" ಅಂದೆ. ತಿಂಗಳಿಂದ ಜುಲಾಬ್ ಇತ್ತು ಖರೆ, ಆದರ ಹೆಣ್ಣಮಗಳ ಮುಂದ ಹ್ಯಾಂಗ ಹೇಳಲಿ?

"ಈ ರೋಗಕ್ಕ ಕರುಳಿನ ಗ್ವಾಡಿ ಸೋರತದರಿ. ಹೊಲಸು ರಕ್ತಕ್ಕ ಸೇರಿದ್ರ ಮೈಯೊಳಗಿನ ಕಾವಲುಗಾರರು ಪುರಸೊತ್ತಿಲ್ದ ಬಡದಾಡಿ ಸೋಲ್ತಾರ. ಖರೆ ಹೇಳ್ರಿ."

"ಕಾವಲು ನನಗ ಕಲಸ್ತಿ? ಇಲ್ಲೇ ಬೀದರ ಬಾಜೂಕಿನ ಕೊಳಾರ ಫ್ಯಾಕ್ಟರಿದಾಗ ವಾಚ್‌ಮನ್ ಇದ್ದಾಗ ನನ್ನ ಒಂದು ಸೀಟಿಗಿ ಚಿರತಿ ಮಹಾರಾಷ್ಟ್ರಕ್ಕ ಓಡಿತ್ತು!"

"ಹಗಲು ರಾತ್ರಿ ಬಿಡದ ಸೀಟಿ ಊದೀರಿ ಏನು? ನಿಮ್ಮ ಮೈಯೊಳಗಿನ ಕಾವಲುಗಾರರದು ಅದೇ ಪಾಡು."

ನಾ ಬಾಯಿ ತೆರಿಯೂದ್ರಾಗ ಹೊಟ್ಟಿ ಗುಡುಗಿತು. "ಸಂಡಾಸ ಎಲ್ಲದವ್ವ?" ಅಂದವನೇ ಓಡಿದೆ. ಅವಳಿಗಿ ಬೇಕಾದ ಜವಾಬು ಸಿಕ್ತು ಬಿಡ್ರಿ; ಆದರ ಆ ಚಿರತಿನೂ ಅಷ್ಟ ಜೋರ ಓಡಿದ್ದಿಲ್ಲ.