ಹರಿಗೋಲು ಗಿರಗಿರ ತಿರುಗಿದ ಮಧ್ಯಾಹ್ನ

ನಿಮ್ಮಷ್ಟೇ ಚಿಕ್ಕವನಿದ್ದಾಗ ನನಗೆ ನನ್ನ ತೋಳಿನ ಮೇಲೆ ಭಾರೀ ಜಂಬ. ತೋಳು ಮಾತ್ರ ನುಗ್ಗೆಕಾಯಿಯಂತಿತ್ತು.

ನಮ್ಮ ಮನೆ ಮೈಲಾರದ ಹತ್ತಿರ, ತುಂಗಭದ್ರೆಯ ದಂಡೆಯಲ್ಲಿತ್ತು. ಬೇಸಿಗೆಯಲ್ಲಿ ಹೊಳೆ ಇಳಿದಾಗ ಅಪ್ಪ ನಡುವಿನ ಮರಳುದಿಬ್ಬದಲ್ಲಿ ಸೌತೆ ಬೆಳೆಯುತ್ತಿದ್ದ. ಅಂದು ಬೆಳಿಗ್ಗೆ ನಾನೂ ಹೋಗಿ, ನನ್ನ ಮೇಕೆಮರಿಯನ್ನು ಅಲ್ಲೇ ಗೂಟಕ್ಕೆ ಕಟ್ಟಿ, ರೊಟ್ಟಿಯ ಆಸೆಗೆ ಅದನ್ನು ಮರೆತು ಬಂದಿದ್ದೆ. ಅಪ್ಪ ಸೌತೆಕಾಯಿ ಹೇರಿಕೊಂಡು ಹಡಗಲಿ ಸಂತೆಗೆ ಹೋದ. ಮಧ್ಯಾಹ್ನ ಮೇಲೆಲ್ಲೋ ಮಳೆಯಾಗಿ ಹೊಳೆ ಕೆಂಪಗೆ ಏರತೊಡಗಿತು. ನೊರೆ, ಹಸಿಮಣ್ಣಿನ ವಾಸನೆ, ತೇಲಿಬರುವ ಜಾಲಿಕೊಂಬೆ. ನಡುವಿನಿಂದ ಮರಿಯ ಕೂಗು.

ಅಕ್ಕ ಹರಿಗೋಲನ್ನು ನೀರಿಗೆ ನೂಕಿದಳು. ಅದು ದೊಡ್ಡ ಬುಟ್ಟಿಯಂಥ ದುಂಡು ದೋಣಿ. ಅದಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. ನಾನು ಹುಟ್ಟು ಕಸಿದುಕೊಂಡು ಒಂದೇ ಬದಿಗೆ ಹುಚ್ಚನಂತೆ ಹಾಕಿದೆ. ನೀರು ಸಿಡಿಯಿತು, ಕಿವಿಗೆ ಗಾಳಿ ಬಡಿಯಿತು.

"ಎಷ್ಟ್ ಜೋರ್ ಹೊಂಟೀವಿ ನೋಡಕ್ಕಾ!"

"ಎಲ್ಲಿ ಹೊಂಟೀವಲೇ? ಬೀಸುಕಲ್ಲಿನ ಮ್ಯಾಲೆ ಕುಂತಂಗ ತಿರುಗಾಕತ್ತೀವಿ! ಹೊಳಿ ನಮ್ಮನ್ನ ಕೆಳಗ ಎಳ್ಕೊಂಡು ಹೊಂಟೈತಿ!"

ತಲೆ ಎತ್ತಿದೆ. ದಿಬ್ಬ ದೂರ ಸರಿದಿತ್ತು. ಮರಿಯ ಹೊಟ್ಟೆಗೆ ನೀರು ತಾಗುತ್ತಿತ್ತು. ಹುಟ್ಟನ್ನು ಅಕ್ಕನ ಕೈಗೆ ಕೊಟ್ಟೆ.

ಅಕ್ಕ ಹುಟ್ಟನ್ನು ಎದುರಿಗೆ ಅದ್ದಿ ತನ್ನತ್ತ ನಿಧಾನವಾಗಿ ಎಳೆದಳು. ತಿರುಗುವುದು ನಿಂತಿತು. ಆದರೆ ಅವಳ ಕಣ್ಣು ಮರಿಯ ಮೇಲಿರಲಿಲ್ಲ, ಹೊಳೆ ಹರಿದುಬರುವ ಕಡೆ, ಮರಿಗಿಂತ ಆಚೆ ಇದ್ದ ಒಂದು ಕರಿಕಲ್ಲಿನ ಮೇಲಿತ್ತು.

"ಮರಿ ಅಲ್ಲೈತಲ್ಲಕ್ಕಾ! ಕಲ್ಲಿನ ಕಡಿ ಯಾಕ?"

"ಹೊಳಿ ನಮ್ಮನ್ನ ಕೆಳಗ ದಬ್ತೈತಿ. ಮ್ಯಾಲೆ ಗುರಿ ಇಟ್ರ ಮರಿ ಹತ್ರ ಮುಟ್ತೀವಿ. ಬಾಯಿ ಮುಚ್ಕೊಂಡು ಕುಂದ್ರು."

ಎಮ್ಮೆಯ ನಡಿಗೆಯಲ್ಲಿ ಸಾಗಿದೆವು. ನೀರು ಮರಿಯ ಕುತ್ತಿಗೆಗೆ ಬಂತು. ಕೂಗು ನಿಂತಿತು. ನಾನು ಅಳುತ್ತಿದ್ದೆ, ಅಕ್ಕ ಬೆವರುತ್ತಿದ್ದಳು. ಹರಿಗೋಲು ಓರೆಯಾಗಿ ಜಾರಿ ಸರಿಯಾಗಿ ಗೂಟಕ್ಕೇ ತಾಗಿತು. ನಾನು ಬಾಗಿ ಗೂಟ ಕಿತ್ತು ಮರಿಯನ್ನು ಎಳೆದುಕೊಂಡೆ. ಅದು ಕೆಮ್ಮಿ, ಸೀನಿ, ನನ್ನ ಮೂಗಿಗೆ ಒದ್ದಿತು. ಅಷ್ಟು ಸಿಹಿಯಾದ ಒದೆ ನಾನು ತಿಂದೇ ಇಲ್ಲ.

ಬರಿಯ ಜೋರಿಗೆ ಜವ ಎನ್ನುತ್ತಾರೆ, ಅದಕ್ಕೆ ದಿಕ್ಕು ಸೇರಿದರೆ ವೇಗ ಎನ್ನುತ್ತಾರೆ. ನೀವು ಅದನ್ನು ಫ್ಯಾನಿನ ಕೆಳಗೆ ಕೂತು ವಿಜ್ಞಾನದ ಪುಸ್ತಕದಲ್ಲಿ ಓದುತ್ತೀರಿ. ಎಷ್ಟು ಜೋರು ಎಂದು ನಿಮ್ಮಪ್ಪನ ಬೈಕಿನ ಮುಳ್ಳು ತೋರಿಸುತ್ತದೆ, ಯಾವ ಕಡೆ ಎಂದು ಫೋನು ತೋರಿಸುತ್ತದೆ. ನಮ್ಮ ಹರಿಗೋಲಿನಲ್ಲಿ ಎರಡೂ ಇರಲಿಲ್ಲ. ಅಕ್ಕ ಇದ್ದಳು.